ರೈಲಿನ ಕಿಟಕಿಯಿಂದ ಮಳೆಯ ವೇಗ ಅಳೆದದ್ದು

ಮಳೆಗಾಲದಲ್ಲಿ ಶಿವಮೊಗ್ಗ–ತಾಳಗುಪ್ಪ ರೈಲಿನಲ್ಲಿ ಓಡಾಡಿದವರು ಇದನ್ನು ನೋಡಿಯೇ ಇರುತ್ತಾರೆ. ಆನಂದಪುರದಲ್ಲಿ ರೈಲು ನಿಂತಾಗ ಮಳೆ ನೆಟ್ಟಗೆ ಸುರಿಯುತ್ತಿರುತ್ತದೆ. ರೈಲು ಹೊರಟು ವೇಗ ಹಿಡಿದ ಹಾಗೆ ಹನಿಗಳು ಹಿಂದಕ್ಕೆ ಓರೆಯಾಗುತ್ತಾ ಹೋಗುತ್ತವೆ. ಮುಂದಿನ ಸ್ಟೇಷನ್ ಹತ್ತಿರ ಬಂತು, ಮತ್ತೆ ನೆಟ್ಟಗೆ.

ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಸಾಪೇಕ್ಷ ಚಲನೆಯ ಪಾಠ ಬಂದರೆ ಮಕ್ಕಳ ಹತ್ತಿರ ಒಂದು ಸೂತ್ರ ಸಿದ್ಧ ಇರುತ್ತದೆ: ಎದುರು ಬಂದರೆ ಕೂಡು, ಒಂದೇ ಕಡೆ ಹೋದರೆ ಕಳೆ. ಅಂಕ ಬರುತ್ತದೆ, ವಿಷಯ ತಲೆಗೆ ಹೋಗಿರುವುದಿಲ್ಲ. ಅದಕ್ಕೆ ನಾನು ತರಗತಿಯಲ್ಲಿ ಯಾರಾದರೂ ‘ವೇಗ’ ಅಂದ ಕೂಡಲೇ ‘ಯಾರ ಲೆಕ್ಕದಲ್ಲಿ?’ ಅಂತ ಕೇಳುತ್ತೇನೆ. ನೆಲದ ಲೆಕ್ಕದಲ್ಲೋ, ರೈಲಿನ ಲೆಕ್ಕದಲ್ಲೋ? ಈ ಪ್ರಶ್ನೆ ಇಲ್ಲದೆ ವೇಗಕ್ಕೆ ಅರ್ಥವೇ ಇಲ್ಲ.

ಮಳೆಯ ಓರೆಯನ್ನು ಬರೀ ತೋರಿಸುವುದಕ್ಕಿಂತ, ಅದರಿಂದ ಮಳೆ ಬೀಳುವ ವೇಗವನ್ನೇ ಕಂಡುಹಿಡಿದರೆ ಹೇಗೆ ಅನ್ನಿಸಿತು. ಬೇಕಾದದ್ದು ಒಂದು ಮೊಬೈಲ್, ಒಂದು ದಾರ, ಒಂದು ಬೀಗದ ಕೈ. ಅಷ್ಟೇ.

ಲೆಕ್ಕ ಸುಲಭ. ಗಾಳಿ ಇಲ್ಲ ಅಂದುಕೊಳ್ಳಿ. ನೆಲದ ಲೆಕ್ಕದಲ್ಲಿ ಹನಿ ಕೆಳಗೆ ಮಾತ್ರ ಬೀಳುತ್ತದೆ. ರೈಲಿನ ಲೆಕ್ಕದಲ್ಲಿ ಅದೇ ಹನಿ ಕೆಳಗೂ ಬೀಳುತ್ತದೆ, ರೈಲಿನಷ್ಟೇ ವೇಗದಲ್ಲಿ ಹಿಂದಕ್ಕೂ ಹೋಗುತ್ತದೆ. ಫೋಟೋದಲ್ಲಿ ಹನಿಯ ಗೆರೆ ಅಡ್ಡಕ್ಕೆ 3 ಸೆಂಟಿಮೀಟರ್, ಕೆಳಕ್ಕೆ 2 ಸೆಂಟಿಮೀಟರ್ ಇದ್ದರೆ ಮಳೆಯ ವೇಗ ರೈಲಿನ ವೇಗದ ಮೂರನೇ ಎರಡು ಪಾಲು. ರೈಲು ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ಹೋಗುತ್ತಿದ್ದರೆ ಹನಿ ಸುಮಾರು 6.7 ಮೀಟರಿನಲ್ಲಿ ಬೀಳುತ್ತಿದೆ. ಟ್ರಿಗನಾಮೆಟ್ರಿ ಕೂಡ ಬೇಡ, ಸ್ಕೇಲ್ ಸಾಕು.

ಫೋಟೋ ತೆಗೆಯುವುದರಲ್ಲಿ ಮಾತ್ರ ಸ್ವಲ್ಪ ಹುಷಾರು ಬೇಕು. ಮೊಬೈಲಿನ ಪ್ರೊ ಮೋಡಿನಲ್ಲಿ ಶಟರ್ 1/60 ಸೆಕೆಂಡಿಗೆ ಇಟ್ಟೆ. ಅಷ್ಟು ಹೊತ್ತಿನಲ್ಲಿ ಹನಿ ಒಂದು ಗೇಣು ದಾರಿ ಸಾಗುತ್ತದೆ, ಚೆನ್ನಾಗಿ ಗೆರೆ ಬೀಳುತ್ತದೆ. 1/1000 ಇಟ್ಟರೆ ಬರೀ ಚುಕ್ಕಿ. ಹಿಂದೆ ಕಪ್ಪಗೆ ಏನಾದರೂ ಇರಬೇಕು, ಇಲ್ಲದಿದ್ದರೆ ಗೆರೆ ಕಾಣುವುದಿಲ್ಲ. ದಟ್ಟ ಅಕೇಶಿಯಾ ತೋಪು ಇದಕ್ಕೆ ಬಹಳ ಒಳ್ಳೆಯದು (ಆ ಮರಕ್ಕೆ ಇದೊಂದು ಉಪಯೋಗವಾದರೂ ಇರಲಿ). ಕಿಟಕಿಯ ನಿಂತ ಅಂಚು ಫೋಟೋದಲ್ಲಿ ಬರಲಿ, ನೆಟ್ಟಗೆ ಅಂದರೆ ಯಾವ ಕಡೆ ಅಂತ ಅದೇ ಹೇಳುತ್ತದೆ. ಗಾಜಿನ ಮೇಲೆ ಹರಿಯುವ ನೀರನ್ನು ಅಳೆಯಬೇಡಿ, ಅದು ಗಾಜಿಗೆ ಅಂಟಿಕೊಂಡು ಗಾಳಿ ತಳ್ಳಿದ ಕಡೆ ಹೋಗುವ ನೀರು. ಬೋಗಿಗೆ ತೀರಾ ಹತ್ತಿರದ ಹನಿಗಳೂ ಬೇಡ. ರೈಲು ತನ್ನ ಪಕ್ಕದ ಗಾಳಿಯನ್ನು ಜೊತೆಗೇ ಎಳೆದುಕೊಂಡು ಹೋಗುತ್ತದಲ್ವಾ, ಅವೂ ಅದರ ಜೊತೆ ಹೊರಳುತ್ತವೆ.

ರೈಲಿನ ವೇಗವನ್ನು ಜಿಪಿಎಸ್ ಆ್ಯಪ್ ಹೇಳುತ್ತದೆ, ನೆಲದ ಲೆಕ್ಕದಲ್ಲಿ. ಆದರೆ ರೈಲು ಬ್ರೇಕ್ ಹಾಕುವಾಗ ಆ್ಯಪ್ ಸ್ವಲ್ಪ ಹಿಂದೆ ಬೀಳುತ್ತದೆ, ಆಗಲೇ ಕಳೆದುಹೋದ ವೇಗವನ್ನು ತೋರಿಸುತ್ತಿರುತ್ತದೆ. ದಾರ ಬೇಕಾಗಿದ್ದು ಇದಕ್ಕೇ. ಬೀಗದ ಕೈ ಕಟ್ಟಿ ಮೇಲಿನ ಬರ್ತಿಗೆ ನೇತುಹಾಕಿದೆ. ರೈಲು ಒಂದೇ ವೇಗದಲ್ಲಿ ನೇರ ಹೋಗುತ್ತಿದ್ದರೆ ದಾರ ನೆಟ್ಟಗೆ ನೇತಾಡುತ್ತದೆ, 10 ಕಿಲೋಮೀಟರ್ ಆಗಲಿ 80 ಆಗಲಿ. ವೇಗ ಬದಲಾದರೆ ಮಾತ್ರ ವಾಲುತ್ತದೆ. ಗೆಲಿಲಿಯೋ 1632ರಲ್ಲಿ ಹಡಗಿನ ಮುಚ್ಚಿದ ಕೋಣೆಯ ಉದಾಹರಣೆ ಕೊಟ್ಟು ಹೇಳಿದ್ದು ಇದೇ: ಒಂದೇ ವೇಗದಲ್ಲಿ ಸಾಗುವ ಹಡಗಿನೊಳಗೆ ಕೂತವನಿಗೆ ಹಡಗು ನಿಂತಿದೆಯೋ ಹೋಗುತ್ತಿದೆಯೋ ಒಳಗಿನ ಯಾವ ಪರೀಕ್ಷೆಯೂ ಹೇಳುವುದಿಲ್ಲ. ದಾರ ನೆಟ್ಟಗಾದ ಮೇಲೆ ಫೋಟೋ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಗಾಳಿಯ ವಿಷಯ. ನಮ್ಮ ಕಡೆ ಪುನರ್ವಸು ಮಳೆ ಗಾಳಿ ಇಲ್ಲದೆ ಬರುತ್ತದೆಯೇ? ಹಾಗಾಗಿ ರೈಲು ನಿಂತಾಗಲೂ ಒಂದು ಫೋಟೋ ತೆಗೆದುಕೊಳ್ಳಬೇಕು. ನಿಂತಾಗ ಮಳೆ ಒಂದು ಪಾಲು ಕೆಳಕ್ಕೆ ಬರುವಾಗ 0.2 ಪಾಲು ಹಿಂದಕ್ಕೆ ಸರಿಯುತ್ತಿದೆ ಅನ್ನಿ, ಅದು ಗಾಳಿಯ ಕೆಲಸ. ಓಡುವಾಗ 1.7 ಸಿಕ್ಕಿತು. ಕಳೆಯಿರಿ, 1.5. ಅದಷ್ಟೇ ರೈಲಿನದು. ನಿಂತಾಗ ಮಳೆ ಮುಂದಕ್ಕೆ ಓರೆಯಾಗಿದ್ದರೆ ಕಳೆಯುವ ಬದಲು ಕೂಡಬೇಕು. ಮಕ್ಕಳ ಕೂಡು–ಕಳೆ ಸೂತ್ರವೇ, ಆದರೆ ಯಾಕೆ ಅಂತ ಈಗ ಕಣ್ಣಿಗೆ ಕಾಣುತ್ತದೆ.

ನನಗೆ ಹೆಚ್ಚಾಗಿ ಆರೇಳು ಮೀಟರಿನ ಹತ್ತಿರವೇ ಬಂತು. ಗನ್ ಮತ್ತು ಕಿಂಜರ್ ಎಂಬ ಇಬ್ಬರು 1949ರಲ್ಲಿ ಹನಿಗಳ ವೇಗ ಅಳೆದು ಪ್ರಕಟಿಸಿದ್ದರು. 2 ಮಿಲಿಮೀಟರ್ ಹನಿಗೆ ಸೆಕೆಂಡಿಗೆ ಸುಮಾರು 6.5 ಮೀಟರ್, 5 ಮಿಲಿಮೀಟರಿನ ದಪ್ಪ ಹನಿಗೆ 9, ಅರ್ಧ ಮಿಲಿಮೀಟರಿನ ಸೋನೆಗೆ ಬರೀ 2. ಗಾಳಿಯ ತಡೆ ಇಲ್ಲದಿದ್ದರೆ ಒಂದು ಕಿಲೋಮೀಟರ್ ಮೇಲಿಂದ ಬಿದ್ದ ಹನಿ ನಮ್ಮ ತಲೆಗೆ ಸೆಕೆಂಡಿಗೆ 140 ಮೀಟರಿನಲ್ಲಿ ಬಡಿಯುತ್ತಿತ್ತು.

ಈ ಪಟ್ಟಿ ಬೈಕಿನವರಿಗೂ ಉಪಯೋಗ. 36 ಕಿಲೋಮೀಟರ್ ವೇಗದಲ್ಲಿ ಹೋಗುವವರಿಗೆ ದಪ್ಪ ಹನಿ ಸುಮಾರು 48 ಡಿಗ್ರಿ ಓರೆಯಲ್ಲಿ ಬರುತ್ತದೆ. ಸೋನೆ ಮಾತ್ರ 79 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಅಡ್ಡಡ್ಡ. ಜಿಟಿಜಿಟಿ ಮಳೆ ತಾನೇ ಅಂತ ಹೆಲ್ಮೆಟ್ ಗಾಜು ಎತ್ತಿಕೊಂಡು ಹೊರಟರೆ ಮುಖಕ್ಕೇ ರಾಚುವುದು ಇದಕ್ಕೆ.

ನೀವೂ ಅಳೆಯುವುದಾದರೆ ಗಾಳಿ ಬೀಸದ ಬದಿಯ ಕಿಟಕಿ ಹಿಡಿಯಿರಿ, ಕಿಟಕಿ ತೆಗೆದರೂ ಮೊಬೈಲ್ ನೆನೆಯುವುದಿಲ್ಲ. ಹಳಿಗೆ ಅಡ್ಡ ಬೀಸುವ ಗಾಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಅದು ಹನಿಯನ್ನು ಕ್ಯಾಮೆರಾದ ಹತ್ತಿರಕ್ಕೋ ದೂರಕ್ಕೋ ತಳ್ಳುತ್ತದೆ. ಫೋಟೋದ ನಡುವಿನ ಗೆರೆಗಳನ್ನೇ ಅಳೆದರೆ ಅಡ್ಡ–ಕೆಳಗಿನ ಲೆಕ್ಕ ಹೆಚ್ಚು ಕೆಡುವುದಿಲ್ಲ.