ಸೊಳ್ಳೆಯ ಹೊಟ್ಟೆಯಿಂದ ಜೊಲ್ಲಿನವರೆಗೆ: ಡೆಂಗಿಯ ದಾರಿ ಕಡಿಯುವುದು ಹೇಗೆ?

ಶಿಡ್ಲಘಟ್ಟದ ಕಡೆ ರೇಷ್ಮೆಹುಳು ಮೇಯಿಸುವ ಮನೆಗಳಲ್ಲಿ ತಟ್ಟೆ ಸ್ಟ್ಯಾಂಡಿನ ನಾಲ್ಕೂ ಕಾಲು ನೀರಿನ ಬಟ್ಟಲುಗಳಲ್ಲಿ ನಿಂತಿರುತ್ತವೆ. ಇರುವೆ ಹತ್ತಿ ಹುಳು ಹಾಳಾಗಬಾರದೆಂದು ಹಿಂದಿನಿಂದ ಬಂದ ಉಪಾಯ ಇದು. ಎರಡು ಮಳೆಗಾಲದ ಹಿಂದೆ ಅಮ್ಮನಿಗೆ ಡೆಂಗಿ ಬಂದಾಗ ನಾನು ಮನೆ ಮುಂದಿನ ಮೋರಿಯನ್ನು ಅರ್ಧ ದಿನ ಕೆರೆದು ಬ್ಲೀಚಿಂಗ್ ಪೌಡರ್ ಚೆಲ್ಲಿದ್ದೆ. ಲಾರ್ವಾ (ಸೊಳ್ಳೆಮರಿ) ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ಅದನ್ನು ನೋಡಿ, "ಅಣ್ಣಾ, ಈ ಸೊಳ್ಳೆ ಮೋರೀಲಿ ಇರಲ್ಲ. ಬನ್ನಿ, ಒಳಗೆ ನೋಡೋಣ" ಅಂದರು. ಹುಳುಮನೆಯ ಬಟ್ಟಲಿಗೆ ಟಾರ್ಚ್ ಬಿಟ್ಟರು. ಸಣ್ಣ ದಾರದ ತುಂಡುಗಳಂಥ ಹುಳಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಬೆಳಕು ಬಿದ್ದೊಡನೆ ಕೊಂಕಿ ಕೊಂಕಿ ತಳಕ್ಕೆ ಇಳಿದವು. ಅಮ್ಮ ದಿನಕ್ಕೆ ನಾಲ್ಕೈದು ಸಲ ಸೊಪ್ಪು ಹಾಕಲು ಓಡಾಡುವ ಜಾಗ ಅದು.

ಹಾಗಾಗಿ ಮೊದಲ ಕೆಲಸ ಟಾರ್ಚ್ ಹಿಡಿಯುವುದು.

ಎಲ್ಲಿ ಹುಡುಕಬೇಕು?

ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಗೆ ನಿಂತ ತಿಳಿನೀರು ಬೇಕು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ನೀರು ಸಿಗುವ ಭರವಸೆಯಿಲ್ಲ. ನಲ್ಲಿ ಬಂದ ದಿನ ಡ್ರಮ್, ಸಂಪು, ತೊಟ್ಟಿ, ಬಿಂದಿಗೆ ಎಲ್ಲವನ್ನೂ ತುಂಬಿಸಿಡುವುದು ನಮಗೆ ಅನಿವಾರ್ಯ. "ನೀರು ಸಂಗ್ರಹಿಸಬೇಡಿ" ಎಂಬ ಸಲಹೆ ಈ ಸೀಮೆಯವರಿಗೆ ಹೇಳುವಂಥದ್ದಲ್ಲ. ಹೇಳಬೇಕಾದದ್ದು ಇಷ್ಟು: ಡ್ರಮ್ಮಿನ ಬಾಯಿಗೆ ಹಳೆ ಪಂಚೆ ಬಿಗಿದು ಕಟ್ಟಿ, ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿ. ಖಾಲಿ ಮಾಡಲಾಗದ ದೊಡ್ಡ ತೊಟ್ಟಿಗೆ ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು ಬಿಡಿ.

ವಾರಕ್ಕೊಮ್ಮೆ ಯಾಕೆ? ರೇಷ್ಮೆಹುಳು ನಾಲ್ಕು 'ಜ್ವರ' (ಪೊರೆ ಕಳಚುವ ಹಂತ) ದಾಟಿ ಹಣ್ಣಾಗುವಂತೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುವಂತೆ, ಸೊಳ್ಳೆಯ ಮರಿಯೂ ಪೊರೆ ಕಳಚುತ್ತಾ ಬೆಳೆಯುತ್ತದೆ. ಆದರೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಅದಕ್ಕೆ 7ರಿಂದ 10 ದಿನ ಸಾಕು. ಏಳನೆಯ ದಿನಕ್ಕೆ ಮೊದಲು ನೀರು ಚೆಲ್ಲಿದರೆ ಆ ಪೀಳಿಗೆಯೇ ಹೋಯಿತು.

ವೈರಸ್ ಸೊಳ್ಳೆಗೆ ಹತ್ತುವುದು ಹೇಗೆ?

ಸೊಳ್ಳೆ ಒಬ್ಬರ ರಕ್ತವನ್ನು ಸಿರಿಂಜಿನ ಹಾಗೆ ಇನ್ನೊಬ್ಬರಿಗೆ ಚುಚ್ಚುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ವೈರಸ್ಸು ಅದರ ಮೈಯೊಳಗೆ ದೊಡ್ಡ ಪ್ರಯಾಣವನ್ನೇ ಮಾಡಬೇಕು.

ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆ ಬಲಿಯಲು ಅದಕ್ಕೆ ರಕ್ತ ಬೇಕು. ಡೆಂಗಿ ರೋಗಿಯ ರಕ್ತದಲ್ಲಿ ಜ್ವರ ಕಾಣುವ ಎರಡು ದಿನ ಮೊದಲಿನಿಂದ ಜ್ವರ ಬಿಟ್ಟು ಎರಡು ದಿನದವರೆಗೂ ವೈರಸ್ ಇರಬಹುದು. ಆಗ ಕಚ್ಚಿದ ಸೊಳ್ಳೆಯ ಕರುಳಿಗೆ ರಕ್ತದ ಜೊತೆ ಅದೂ ಇಳಿಯುತ್ತದೆ. ಒಂದೊಂದು ಕಣದ ಅಗಲ ಸುಮಾರು 50 ನ್ಯಾನೊಮೀಟರ್. ಮೈಮೇಲೆ 'ಇ' ಎಂಬ ಪ್ರೋಟೀನಿನ 180 ಪ್ರತಿಗಳು ಎರಡೆರಡಾಗಿ, ಅಂದರೆ 90 ಜೋಡಿಯಾಗಿ, ಹೆಂಚು ಹೊದಿಸಿದಂತೆ ಮಲಗಿರುತ್ತವೆ.

ಕರುಳಿನ ಜೀವಕೋಶ ಈ ಕಣವನ್ನು ಒಂದು ಪುಟ್ಟ ಚೀಲದಲ್ಲಿ ಒಳಗೆಳೆದುಕೊಳ್ಳುತ್ತದೆ. ಚೀಲದೊಳಗೆ ಹುಳಿ ಏರುತ್ತದೆ. ಹುಳಿ ತಾಗಿದೊಡನೆ ಮಲಗಿದ್ದ ಜೋಡಿಗಳು ಬಿಡಿಸಿಕೊಂಡು ಮೂರು ಮೂರಾಗಿ ಎದ್ದು ನಿಲ್ಲುತ್ತವೆ, ತುದಿಯ ಕೊಕ್ಕೆಯನ್ನು ಚೀಲದ ಪೊರೆಗೆ ನೆಡುತ್ತವೆ, ಮತ್ತೆ ಮಡಚಿಕೊಂಡು ಎರಡು ಪೊರೆಗಳನ್ನೂ ಬೆಸೆದುಬಿಡುತ್ತವೆ. ಹಾಗೆ ಆದ ಕಿಂಡಿಯಿಂದ ವೈರಸ್ಸಿನ ಆರ್‌ಎನ್‌ಎ ಎಳೆ ಜೀವಕೋಶದೊಳಕ್ಕೆ ಜಾರುತ್ತದೆ.

ಆ ಎಳೆ ಸುಮಾರು 10,700 ಅಕ್ಷರಗಳಷ್ಟು. ನಮ್ಮ ದೇಹದ ಡಿಎನ್‌ಎ 300 ಕೋಟಿ ಅಕ್ಷರಗಳದ್ದು ಎಂಬುದನ್ನು ಪಕ್ಕಕ್ಕಿಟ್ಟು ನೋಡಿದರೆ ಇದೆಷ್ಟು ಚಿಕ್ಕದೆಂದು ತಿಳಿಯುತ್ತದೆ. ಸೊಳ್ಳೆಯ ಜೀವಕೋಶ ಅದನ್ನು ತನ್ನದೇ ಆದೇಶವೆಂದು ಓದಿ, ಒಂದೇ ಉದ್ದನೆಯ ಪ್ರೋಟೀನು ನೂಲುತ್ತದೆ. ಬಿಚ್ಚಾಣಿಕೆಯಲ್ಲಿ (ರೇಷ್ಮೆ ನೂಲು ತೆಗೆಯುವಾಗ) ಗೂಡಿನಿಂದ ಕಡಿಯದೆ ಬರುವ ಎಳೆಯ ಹಾಗೆ. ಮುಂದೆ ಆ ಪ್ರೋಟೀನನ್ನು ವೈರಸ್ಸಿನದೇ ಕತ್ತರಿಯೊಂದು ಮತ್ತು ಜೀವಕೋಶದ ಕತ್ತರಿಗಳು ಸೇರಿ 10 ತುಂಡು ಮಾಡುತ್ತವೆ. ಮೂರು ಹೊಸ ವೈರಸ್ಸಿನ ಮೈಯಾಗುತ್ತವೆ. ಏಳು ನಕಲು ತೆಗೆಯುವ, ರಕ್ಷಣೆಯನ್ನು ವಂಚಿಸುವ ಕೆಲಸದವು.

ಸೊಳ್ಳೆ ಸುಮ್ಮನೆ ಕೂರುವುದಿಲ್ಲ. ಅದರ ಜೀವಕೋಶದಲ್ಲಿ ಡೈಸರ್-2 ಎಂಬ ಕಿಣ್ವವಿದೆ. ನಕಲು ಆಗುವಾಗ ಎರಡೆಳೆಯಾದ ಆರ್‌ಎನ್‌ಎ ಕಂಡರೆ ಅದು 21 ಅಕ್ಷರಗಳ ಚೂರುಗಳಾಗಿ ಕತ್ತರಿಸುತ್ತದೆ. ಆ ಚೂರುಗಳನ್ನೇ ಗುರುತಾಗಿಟ್ಟುಕೊಂಡು ಜೀವಕೋಶ ಉಳಿದ ವೈರಸ್ ಎಳೆಗಳನ್ನೂ ಹುಡುಕಿ ನಾಶ ಮಾಡುತ್ತದೆ. ಎಷ್ಟೋ ಸೊಳ್ಳೆಗಳಲ್ಲಿ ವೈರಸ್ಸು ಕರುಳಿನಲ್ಲೇ ಸೋಲುತ್ತದೆ. ಗೆದ್ದದ್ದು ಕರುಳಿನ ಗೋಡೆ ದಾಟಿ ಸೊಳ್ಳೆಯ ಮೈದ್ರವಕ್ಕೆ ಇಳಿದು, ಅಲ್ಲಿಂದ ಜೊಲ್ಲುಗ್ರಂಥಿ ಸೇರುತ್ತದೆ. ಇಷ್ಟಕ್ಕೆ ಸಾಮಾನ್ಯವಾಗಿ 8ರಿಂದ 12 ದಿನ. ಸೆಕೆ ಹೆಚ್ಚಿದ್ದರೆ ಬೇಗ, ಚಳಿಯಿದ್ದರೆ ತಡ. ಅದಾದ ಮೇಲೆ ಆ ಸೊಳ್ಳೆ ಸಾಯುವವರೆಗೂ ವೈರಸ್ ಹೊತ್ತೇ ಇರುತ್ತದೆ. ಅದರ ಆಯುಸ್ಸು ಎರಡರಿಂದ ನಾಲ್ಕು ವಾರ. ಅಂದರೆ ನಮಗೆ ಅಪಾಯ ಮುದಿ ಸೊಳ್ಳೆಯಿಂದ.

ರೋಗಿಯನ್ನು ಹಗಲಲ್ಲೇ ಪರದೆಯೊಳಗೆ ಮಲಗಿಸಿ

ಇದು ನಾವು ಅಮ್ಮನ ವಿಷಯದಲ್ಲಿ ತಪ್ಪಿದ ಹೆಜ್ಜೆ. ರಾತ್ರಿ ಪರದೆ ಕಟ್ಟುತ್ತಿದ್ದೆವು, ಬೆಳಗಾದರೆ ಬಿಚ್ಚಿ ಮಡಿಸುತ್ತಿದ್ದೆವು. ಈಡಿಸ್ ಹಗಲಿನ ಸೊಳ್ಳೆ. ಬೆಳಗಿನ ಹೊತ್ತು ಮತ್ತು ಸಂಜೆ ಕತ್ತಲಾಗುವ ಮುಂಚೆ ಅದರ ಕಾಟ ಜಾಸ್ತಿ. ಆಮೇಲೆ ತಂಗಿಗೂ ಜ್ವರ ಬಂತು. ಮನೆಯಲ್ಲಿ ಜ್ವರದವರಿದ್ದರೆ ಜ್ವರ ಬಿಟ್ಟು ಎರಡು ದಿನ ಕಳೆಯುವವರೆಗೂ ಹಗಲೂ ಪರದೆ ಇರಲಿ. ಅದು ರೋಗಿಯ ಆರಾಮಕ್ಕೆ ಅಲ್ಲ, ಹೊಸ ಸೊಳ್ಳೆಗೆ ವೈರಸ್ ಸಿಗದಿರಲೆಂದು.

ಇನ್ನೂ ಒಂದು ಮಾತಿದೆ. ಆಸ್ಪತ್ರೆಯಲ್ಲಿ ಮಾಡುವ ಎನ್‌ಎಸ್‌1 ಪರೀಕ್ಷೆಯ ಹೆಸರು ಎಲ್ಲರೂ ಕೇಳಿರುತ್ತೀರಿ. ಎನ್‌ಎಸ್‌1 ಎಂಬುದು ಆ ಏಳು ಕೆಲಸದ ಪ್ರೋಟೀನುಗಳಲ್ಲೊಂದು, ರೋಗಿಯ ರಕ್ತದಲ್ಲಿ ತುಂಬಿಕೊಂಡಿರುತ್ತದೆ. ಸೊಳ್ಳೆ ಆ ರಕ್ತ ಹೀರಿದಾಗ ಇದು ಸೊಳ್ಳೆಯ ಕರುಳಿನ ರಕ್ಷಣೆಯನ್ನೂ ಕುಂದಿಸಿ ವೈರಸ್ಸಿಗೆ ದಾರಿ ಮಾಡಿಕೊಡುತ್ತದೆ. ನಾವು ರೋಗ ಗುರುತಿಸಲು ಹುಡುಕುವ ವಸ್ತುವೇ ಅಲ್ಲಿ ಬಾಗಿಲು ತೆರೆಯುವ ಆಳು.

ಹುಳುಮನೆಯಲ್ಲಿ ಏನು ಮಾಡಬಹುದು?

ಹುಳು ಮೇಯಿಸುವವರಿಗೆ ಫಾಗಿಂಗ್ ಭಯ, ಅದು ಸರಿಯಾದ ಭಯವೇ. ಸೊಳ್ಳೆ ಕೊಲ್ಲುವ ಔಷಧಿ ರೇಷ್ಮೆಹುಳುವನ್ನೂ ಕೊಲ್ಲುತ್ತದೆ. ಸೊಳ್ಳೆಬತ್ತಿ, ಸ್ಪ್ರೇ ಹುಳುಮನೆಯ ಹತ್ತಿರ ಬೇಡ. ಕಿಟಕಿಗೆ ಒತ್ತಾದ ನೈಲಾನ್ ಬಲೆ ಹೊಡೆಸಿ, ರೇಷ್ಮೆಹುಳುವಿನ ಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ ತಡೆಯಲೂ ಅದು ಬೇಕೇ ಬೇಕು. ಬಟ್ಟಲಿನ ನೀರಿಗೆ ಚಿಟಿಕೆ ಸೋಪಿನ ಪುಡಿ ಹಾಕಿ. ಸೊಳ್ಳೆಮರಿ ನೀರಿನ ಮೇಲ್ಪದರಕ್ಕೆ ಬಾಲದ ಕೊಳವೆ ತಾಗಿಸಿ ಉಸಿರಾಡುತ್ತದೆ. ಸೋಪು ಆ ಪದರದ ಬಿಗಿ ಕೆಡಿಸುವುದರಿಂದ ಅದಕ್ಕೆ ನೇತಾಡಲು ಆಗದು. ಇರುವೆಗಳೂ ದಾಟಲಾರವು.

ಕಚ್ಚಿದಾಗ, ಜ್ವರ ಬಂದಾಗ

ಸೊಳ್ಳೆಯ ಬಾಯಲ್ಲಿ ಆರು ಸೂಜಿಗಳು. ಒಂದರಿಂದ ರಕ್ತ ಮೇಲೇರುತ್ತದೆ, ಇನ್ನೊಂದರಿಂದ ಜೊಲ್ಲು ಇಳಿಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಏಪಿರೇಸ್ ಎಂಬ ಕಿಣ್ವ ಆ ಜೊಲ್ಲಿನಲ್ಲಿದೆ, ಅದರೊಡನೆಯೇ ವೈರಸ್ಸೂ ಇಳಿಯುತ್ತದೆ. ಚರ್ಮದಲ್ಲಿ ಕಾವಲಿರುವ ರೋಗನಿರೋಧಕ ಜೀವಕೋಶಗಳೇ ಅದಕ್ಕೆ ಮೊದಲ ಆಶ್ರಯ. ಈಡಿಸ್ ಒಬ್ಬರ ಬಳಿ ಹೊಟ್ಟೆ ತುಂಬಾ ಕುಡಿಯದೆ, ಕೈ ಆಡಿಸಿದರೆ ಎದ್ದು ಪಕ್ಕದವರ ಮೇಲೆ ಕೂರುತ್ತದೆ. ಒಂದೇ ಮನೆಯಲ್ಲಿ ಮೂರು ಜನ ಜ್ವರದಿಂದ ಮಲಗುವುದಕ್ಕೆ ಇದೂ ಒಂದು ಕಾರಣ.

4ರಿಂದ 10 ದಿನದಲ್ಲಿ ಜ್ವರ ಕಾಣುತ್ತದೆ. ಮೊದಲ 5 ದಿನದೊಳಗೆ ಎನ್‌ಎಸ್‌1, ಆಮೇಲೆ ಐಜಿಎಂ (ರಕ್ತದಲ್ಲಿ ಪ್ರತಿಕಾಯ ಹುಡುಕುವ) ಪರೀಕ್ಷೆ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸಬಹುದು, ಅಂಗಡಿಯಲ್ಲಿ ಕೇಳಿ ನುಂಗಬೇಡಿ. ಜ್ವರ ಇಳಿದ ದಿನ ಎಲ್ಲರೂ ನಿಟ್ಟುಸಿರು ಬಿಡುತ್ತೇವೆ, ಆದರೆ ರಕ್ತನಾಳಗಳಿಂದ ದ್ರವ ಸೋರಿ ಅಪಾಯವಾಗುವುದು ಆ ಒಂದೆರಡು ದಿನಗಳಲ್ಲೇ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತೀರಾ ಮಂಕು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಹಿಂದೆ ಒಮ್ಮೆ ಡೆಂಗಿ ಬಂದವರು ಇನ್ನೂ ಎಚ್ಚರವಾಗಿರಬೇಕು. ಡೆಂಗಿಯಲ್ಲಿ 4 ಬಗೆಗಳಿವೆ. ಒಂದು ಬಗೆಗೆ ಹುಟ್ಟಿದ ಪ್ರತಿಕಾಯ ಇನ್ನೊಂದು ಬಗೆಗೆ ಅರೆಬರೆ ಅಂಟಿ, ಅದನ್ನು ಕೊಲ್ಲದೆ ಜೀವಕೋಶದೊಳಕ್ಕೆ ಸಾಗಿಸಿಬಿಡಬಹುದು.

ಬೆಳೆ ಮುಗಿದ ಮೇಲೆ

ಗೂಡು ಮಾರಿ ಬಂದು ಹುಳುಮನೆ ತೊಳೆಯುವ ದಿನ ಬಟ್ಟಲುಗಳನ್ನು ಮರೆಯಬೇಡಿ. ಬಟ್ಟಲಿನ ಒಳಗೋಡೆಗೆ, ನೀರಿನ ಗೆರೆಗಿಂತ ಸ್ವಲ್ಪ ಮೇಲೆ, ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಅಂಟಿರುತ್ತವೆ. ಅವೇ ಮೊಟ್ಟೆ. ಒಣಗಿದ ಬಟ್ಟಲಲ್ಲೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ಮುಂದಿನ ಬೆಳೆಗೆ ನೀರು ತುಂಬಿದೊಡನೆ ಮರಿಯಾಗುತ್ತವೆ. ಕೆಲವು ಮೊಟ್ಟೆಗಳಿಗೆ ತಾಯಿಯಿಂದಲೇ ವೈರಸ್ ಬಂದಿರುವುದೂ ಉಂಟು. ಬ್ರಷ್ಷಿನಿಂದ ಗಟ್ಟಿಯಾಗಿ ಉಜ್ಜಿ, ಆ ನೀರನ್ನು ಬಚ್ಚಲಿಗೆ ಬಿಡದೆ ಬಿಸಿಲಿನ ಮಣ್ಣಿಗೆ ಚೆಲ್ಲಿ, ಬಟ್ಟಲು ಬೋರಲು ಹಾಕಿಡಿ.