ಫ್ಯಾನಿನ ಗಂಟಲಲ್ಲಿ ಅಡಿಕೆ ಧೂಳು

ಲ್ಯಾಪ್‌ಟಾಪಿನ ಗುಂಡಿ ಒತ್ತಿ ಎರಡು ನಿಮಿಷ ಆಗಬೇಕಿಲ್ಲ, ಒಳಗಿನ ಫ್ಯಾನು ಗುಂಯ್ ಅಂತ ಶುರು. ಏನೂ ತೆರೆಯದೆ ಸುಮ್ಮನೆ ಇಟ್ಟರೂ ಅದೇ ಶಬ್ದ. ರಾತ್ರಿ ಪ್ರಶ್ನೆಪತ್ರಿಕೆ ಟೈಪು ಮಾಡಲು ಕೂತರೆ ಒಳಗಿಂದ ಅಮ್ಮ, "ಈ ಹೊತ್ತಿಗೆ ಮಿಕ್ಸಿ ಹಾಕಿದ್ದು ಯಾರು?" ಎಂದು ಕೇಳುವಷ್ಟು.

ನಾನು ಕಾಸರಗೋಡಿನ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಮಾಸ್ಟ್ರು. ಈ ಲ್ಯಾಪ್‌ಟಾಪ್ ಕೊಂಡದ್ದು 2020ರಲ್ಲಿ, ಜೂನ್ 1ಕ್ಕೆ ಕೇರಳ ಸರಕಾರದ ಶಿಕ್ಷಣ ಟಿವಿ ವಿಕ್ಟರ್ಸ್ ಚಾನೆಲಿನಲ್ಲಿ ಪಾಠ ಶುರುವಾಗಿ, ನಾವೆಲ್ಲ ಮನೆಯಿಂದಲೇ ಮಕ್ಕಳನ್ನು ಸಂಭಾಳಿಸಬೇಕಾದ ವರ್ಷ. ರೇಂಜ್ ಸಿಕ್ಕುವುದು ಜಗಲಿಯಲ್ಲಿ ಮಾತ್ರ, ಹಾಗಾಗಿ ಅದರ ಜಾಗವೂ ಜಗಲಿಯ ಮೇಜೇ ಆಯಿತು. ಎದುರಿಗೆ ಅಂಗಳ, ಅಂಗಳದ ತುಂಬ ಒಣಗಲು ಹಾಕಿದ ಅಡಿಕೆ. ಇವೆರಡನ್ನೂ ಸೇರಿಸಿ ನೋಡುವ ಬುದ್ಧಿ ಬರಲು ನನಗೆ ನಾಲ್ಕು ವರ್ಷ ಹಿಡಿಯಿತು.

ರಿಪೇರಿ ಅಂಗಡಿಯವ ಮುಚ್ಚಳ ತೆಗೆಯದೆಯೇ "ಫ್ಯಾನ್ ಮಾಟ್ಟಣಂ", ಫ್ಯಾನು ಬದಲಿಸಬೇಕು, ಎಂದು ಮಲಯಾಳದಲ್ಲಿ ಹೇಳಿಬಿಟ್ಟ. ನಮ್ಮ ಭಾವನದ್ದು ಇನ್ನೂ ಸುಲಭದ ಮದ್ದು: "ಒಂದು ತೊಟ್ಟು ತೆಂಗಿನೆಣ್ಣೆ ಬಿಡಿ ಭಾವ, ಹೊಲಿಗೆ ಮಿಷನಿಗೆ ಬಿಡುವುದಿಲ್ಲವಾ?" ಎಣ್ಣೆ ಬಿಟ್ಟಿದ್ದರೆ ಧೂಳು ಅಂಟಿಕೊಳ್ಳಲು ಇನ್ನಷ್ಟು ಅನುಕೂಲ. ಸವೆದ ಫ್ಯಾನು ಸಾಧಾರಣವಾಗಿ ಕರಕರ ಅನ್ನುತ್ತದೆ, ತಡವರಿಸುತ್ತದೆ. ನನ್ನದು ಒಂದೇ ಸಮ ಬೀಸುತ್ತಿತ್ತು. ಅಂದರೆ ಒಳಗೆ ಬಿಸಿ ಇದೆ, ಅದು ತನ್ನ ಕೆಲಸ ಮಾಡುತ್ತಿದೆ. ಬಿಸಿ ಹುಟ್ಟುವುದೇ ಹೆಚ್ಚಾಯಿತೋ, ಹೊರಗೆ ಹೋಗುವ ದಾರಿ ಕಟ್ಟಿತೋ, ತಿಳಿಯಬೇಕಾದ್ದು ಅಷ್ಟೇ.

ಇದಕ್ಕೆ ಅಂಗೈ ಸಾಕು. ಗಾಳಿ ಹೊರಬರುವ ಕಿಂಡಿಗೆ ಕೈ ಹಿಡಿದಾಗ ಬಿಸಿ ಗಾಳಿ ರಪ್ಪನೆ ಬಡಿದರೆ ದಾರಿ ಸರಿಯಿದೆ, ಯಂತ್ರದ ಮಿದುಳಾದ ಪ್ರೊಸೆಸರಿಗೆ ಯಾವುದೋ ಪ್ರೋಗ್ರಾಮು ಬಿಡುವು ಕೊಡುತ್ತಿಲ್ಲ. ಶಬ್ದ ಜೋರು, ಗಾಳಿ ಮಾತ್ರ ಮುದುಕರು ಬೂದಿ ಊದಿದ ಹಾಗೆ, ಅಡಿಭಾಗ ಕಾದ ಕಾವಲಿ ಅಂತಾದರೆ ದಾರಿ ಕಟ್ಟಿದೆ. ನನ್ನದು ಎರಡನೆಯ ಜಾತಿಗೆ ಹತ್ತಿರ. ಆದರೂ ಸ್ಕ್ರೂ ಬಿಚ್ಚಲು ಹೆದರಿಕೆಯಾಗಿ ಮೊದಲನೆಯದನ್ನೇ ಹಿಡಿದೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಯಾವ ಪ್ರೋಗ್ರಾಮು ಎಷ್ಟು ಓಡುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು, ಅಂದರೆ ಪ್ರೊಸೆಸರಿನ, ಕಾಲಂ ಮೇಲೆ ಒತ್ತಿದರೆ ಹೆಚ್ಚು ತಿನ್ನುವವರು ಮೇಲೆ ಬರುತ್ತಾರೆ. ಸುಮ್ಮನಿರುವ ಯಂತ್ರದಲ್ಲಿ ಶೇಕಡಾ 30 ಓಡುತ್ತಿತ್ತು. ಫೋಟೋಗಳನ್ನು ಇಂಟರ್ನೆಟ್ಟಿಗೆ ಏರಿಸುವ ಪ್ರೋಗ್ರಾಮು ಒಂದು ಕೆಟ್ಟ ಫೈಲಿಗೆ ಸಿಕ್ಕಿಬಿದ್ದು ಪುನಃ ಪುನಃ ಅದನ್ನೇ ಓದುತ್ತಿತ್ತು. ಜೊತೆಗೆ ಮುಚ್ಚಿದ ಮೇಲೂ ಹಿಂದೆ ಓಡುವ ಬ್ರೌಸರು. ಎರಡನ್ನೂ ನಿಲ್ಲಿಸಿದೆ. ಪವರ್ ಆಪ್ಷನ್ಸ್ ಒಳಗೆ ಪ್ರೊಸೆಸರಿನ ಗರಿಷ್ಠ ಮಿತಿಯನ್ನು 100ರಿಂದ 99ಕ್ಕೆ ಇಳಿಸಿದೆ. ಒಂದು ಅಂಕಿಯ ವ್ಯತ್ಯಾಸವಾದರೂ ಅದರಿಂದ ಟರ್ಬೊ, ಅಂದರೆ ಪ್ರೊಸೆಸರು ಬೇಕೆನಿಸಿದಾಗ ವೇಗ ಏರಿಸಿಕೊಳ್ಳುವುದು, ನಿಲ್ಲುತ್ತದೆ. ನನ್ನದು ಇಂಟೆಲ್ ಐ5-10210ಯು, 4.2 ಗಿಗಾಹರ್ಟ್ಸ್‌ವರೆಗೆ ಜಿಗಿಯಬಲ್ಲದ್ದು 1.6ರ ಆಸುಪಾಸಿಗೆ ಬಂತು. ಪ್ರಶ್ನೆಪತ್ರಿಕೆಗೆ ಅಷ್ಟು ಧಾರಾಳ. ಶಬ್ದ ತಗ್ಗಿತು, ನಿಲ್ಲಲಿಲ್ಲ.

ಕೊನೆಗೊಂದು ಆದಿತ್ಯವಾರ ಬಿಚ್ಚಲೇಬೇಕಾಯಿತು. ವಾರಂಟಿ ಯಾವಾಗಲೋ ಮುಗಿದಿತ್ತು.

ಅಡಿಕೆ ಹಾಳೆಯ ತುಂಡೊಂದರ ಮೇಲೆ ಲ್ಯಾಪ್‌ಟಾಪಿನ ಅಡಿಭಾಗದ ಚಿತ್ರ ಬರೆದು, ಬಿಚ್ಚಿದ ಸ್ಕ್ರೂವನ್ನು ಅದರದರ ಜಾಗಕ್ಕೇ ಚುಚ್ಚುತ್ತ ಹೋದೆ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಮೇಲಿನ ಪ್ಲಾಸ್ಟಿಕ್ ಒಡೆಯುತ್ತದೆ. ಎರಡು ಸ್ಕ್ರೂ ರಬ್ಬರ್ ಪಾದದ ಅಡಿಯಲ್ಲಿ ಅಡಗಿದ್ದವು. ಅದು ಗೊತ್ತಿಲ್ಲದೆ ಎಳೆದು ಒಂದು ಕೊಕ್ಕೆ ಮುರಿದುಕೊಂಡೆ, ಆ ಮೂಲೆ ಈಗಲೂ ಬಾಯಿ ಬಿಟ್ಟಿದೆ. ಹಳೆಯ ಎಟಿಎಂ ಕಾರ್ಡು ತೂರಿಸಿ ಮುಚ್ಚಳ ಎಬ್ಬಿಸಿದೆ. ಒಳಗೆ ಬೇರೇನು ಮುಟ್ಟುವುದಕ್ಕೂ ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಬೇಕು.

ಪ್ರೊಸೆಸರಿನ ಮೇಲಿಂದ ತಾಮ್ರದ ಚಪ್ಪಟೆ ಕೊಳವೆ ಬಂದು ಫ್ಯಾನಿನ ಬಾಯಲ್ಲಿ ಸಾಲಾಗಿ ನಿಂತ ಲೋಹದ ಸಪೂರ ರೆಕ್ಕೆಗಳಿಗೆ ಸೇರುತ್ತದೆ. ಕೊಳವೆಯೊಳಗೆ ಒಂದಿಷ್ಟೇ ದ್ರವ, ಬಿಸಿ ತುದಿಯಲ್ಲಿ ಆವಿಯಾಗಿ ರೆಕ್ಕೆಯ ತುದಿಯಲ್ಲಿ ಮತ್ತೆ ದ್ರವವಾಗುತ್ತದೆ. ಫ್ಯಾನಿನ ಸ್ಕ್ರೂ ತೆಗೆದು ಎತ್ತಿದರೆ ರೆಕ್ಕೆಗಳೇ ಕಾಣಲಿಲ್ಲ. ಕಂದು ಬಣ್ಣದ ಕಂಬಳಿ ತುಂಡಿನ ಹಾಗೆ ಧೂಳು ಹೆಪ್ಪುಗಟ್ಟಿ ಕೂತಿತ್ತು. ಚಿಮಟದಲ್ಲಿ ಹಿಡಿದಾಗ ಇಡಿಯಾಗಿ ಎದ್ದು ಬಂತು. ಬಣ್ಣ ನೋಡಿದೊಡನೆ ಗೊತ್ತಾಯಿತು: ಅಡಿಕೆ ಸುಲಿಯುವ ಯಂತ್ರ ಅಂಗಳಕ್ಕೆ ಬಂದ ದಿನ ನಮ್ಮ ಮೂಗಿಗೆ ಹೋಗುವುದೂ ಇದೇ. ಮೇಲೆ ಮಳೆಗಾಲದ ತೇವ ಸೇರಿ ಗಟ್ಟಿಯಾಗಿದೆ. ಹಿಂದೊಮ್ಮೆ ನಾನು ಸೈಕಲ್ ಪಂಪಿನಿಂದ ಕಿಂಡಿಗೆ ಗಾಳಿ ಹೊಡೆದು ಕ್ಲೀನ್ ಆಯಿತೆಂದು ಬೀಗಿದ್ದೆ. ಆ ಧೂಳೆಲ್ಲ ಹೊರಗೆ ಬರದೆ ಒಳಕ್ಕೇ ಹೋಗಿತ್ತು.

ಪೇಂಟಿನ ಬ್ರಷ್‌ನಿಂದ ಉಳಿದದ್ದನ್ನು ಗುಡಿಸಿದೆ. ಊದುವಾಗ ಫ್ಯಾನಿನ ಎಸಳುಗಳನ್ನು ಕಡ್ಡಿಯಿಂದ ತಡೆದು ಹಿಡಿಯಬೇಕು, ಮಿತಿಮೀರಿ ಗಿರಗಿರ ತಿರುಗಿದರೆ ಬೇರಿಂಗಿಗೆ ಕೇಡು. (ಪಕ್ಕದ ಮನೆಯವರು ತೋಟದ ಬ್ಲೋವರ್ ತರಲು ಹೊರಟಿದ್ದರು, ಕೈಮುಗಿದೆ.) ತಾಮ್ರದ ಪಟ್ಟಿ ಎತ್ತಿದರೆ, ಪ್ರೊಸೆಸರಿನಿಂದ ಅದಕ್ಕೆ ಬಿಸಿ ದಾಟಿಸಲು ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಂತಾಗಿತ್ತು. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಹೊಸದನ್ನು ಹೆಸರುಕಾಳಿನಷ್ಟು ಇಟ್ಟೆ. ತಾಮ್ರದ ಪಟ್ಟಿಯ ಸ್ಕ್ರೂಗಳ ಬಳಿ ಸಾಮಾನ್ಯವಾಗಿ 1, 2, 3, 4 ಎಂದು ಬರೆದಿರುತ್ತದೆ. ಒಂದನ್ನೇ ಪೂರ್ತಿ ಬಿಗಿಯದೆ ಆ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬರಬೇಕು.

ಪ್ರೊಸೆಸರಿನ ಬಿಸಿ ಮೊದಲು ಸುಮ್ಮನಿದ್ದಾಗಲೂ 70 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದ್ದದ್ದು ಈಗ 47. ಖರ್ಚು ಪೇಸ್ಟಿನದ್ದು ಮತ್ತು ಆಲ್ಕೊಹಾಲಿನದ್ದು ಮಾತ್ರ.

ಏಪ್ರಿಲ್ ಸೆಕೆಯಲ್ಲಿ ಮಧ್ಯಾಹ್ನದ ಮೇಲೆ ಫ್ಯಾನು ಈಗಲೂ ತಿರುಗುತ್ತದೆ, ತಿರುಗಲಿ. ಸುಲಿಯುವ ಯಂತ್ರ ಬರುವ ದಿನ ಲ್ಯಾಪ್‌ಟಾಪನ್ನು ಬಟ್ಟೆ ಸುತ್ತಿ ಒಳಕೋಣೆಯ ಕಪಾಟಿನಲ್ಲಿಡುತ್ತೇನೆ. ಅಲ್ಲಿ ರೇಂಜ್ ಇಲ್ಲ. ಆ ದಿನ ಶಾಲೆಯ ಗ್ರೂಪಿನಲ್ಲಿ ಮಾಸ್ಟ್ರು ಕಾಣದಿದ್ದರೆ ಕಾರಣ ಅದು.