ಕೆಲಸದಲ್ಲಿ ಪೆಟ್ಟಾದರೆ ಅಂದೇ ಬರೆಯಿಸಿಡಿ

ಕಾಸರಗೋಡು ಜಿಲ್ಲೆಯ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯವಿರಲಿ, ಬೇರೆ ಕಾಲೇಜಿರಲಿ, ಗುತ್ತಿಗೆದಾರರ ಮೂಲಕ ಶುಚಿತ್ವ, ಅಡುಗೆ, ತೋಟದ ಕೆಲಸಕ್ಕೆ ಹೋಗುವ ಅಕ್ಕಂದಿರು, ಅಣ್ಣಂದಿರು ದಯವಿಟ್ಟು ಓದಿ.

ಒದ್ದೆ ನೆಲದಲ್ಲಿ ಜಾರಿ ಮಣಿಕಟ್ಟು ಊದಿಕೊಂಡರೂ ನಮ್ಮವರು ಎಣ್ಣೆ ತಿಕ್ಕಿ ಮರುದಿನ ಕೆಲಸಕ್ಕೆ ಹೊರಟುಬಿಡುತ್ತಾರೆ. ಬೇಡ. ಅಂದೇ ಮೇಲ್ವಿಚಾರಕರಿಗೆ ತಿಳಿಸಿ, ಅಪಘಾತ ಪುಸ್ತಕದಲ್ಲಿ ಬರೆಯಿಸಿ, ಆ ಪುಟದ ಫೋಟೋ ತೆಗೆದಿಡಿ. ಬರೆದದ್ದು ಮಲಯಾಳದಲ್ಲಿದ್ದರೆ ಓದಿಸಿ ಕೇಳದೆ ಸಹಿ ಹಾಕಬೇಡಿ. ವೈದ್ಯರಿಗೂ “ಕೆಲಸ ಮಾಡುವಾಗ ಬಿದ್ದೆ” ಎಂದೇ ಹೇಳಿ. ಚೀಟಿಯಲ್ಲಿ “ಮನೆಯಲ್ಲಿ ಬಿದ್ದದ್ದು” ಎಂದು ಬಂದರೆ ಆಮೇಲೆ ತಿದ್ದಿಸಲು ಪಡಬಾರದ ಪಾಡು.

ಸಂಬಳದಲ್ಲಿ ಶೇ. 0.75 ನೌಕರರ ರಾಜ್ಯ ವಿಮೆಯಾದ ಇಎಸ್‌ಐಗೆ ಕಡಿತವಾಗುತ್ತಿದೆಯೇ ನೋಡಿಕೊಳ್ಳಿ. ಕೆಲಸದ ಗಾಯಕ್ಕೆ ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ. ಸೇರಿದ ಮೊದಲ ದಿನ ಬಿದ್ದರೂ ಹಕ್ಕಿದೆ. ಅಪಘಾತದ ದಿನ ಬಿಟ್ಟು ಕನಿಷ್ಠ 3 ದಿನ ದುಡಿಯಲಾಗದಿದ್ದರೆ, ವೈದ್ಯರ ಪ್ರಮಾಣಪತ್ರ ಇರುವಷ್ಟು ಕಾಲ ವೇತನದ ಸುಮಾರು ಶೇ. 90 ಸಿಗುತ್ತದೆ. “ರಜೆ ಹಾಕಿಕೊಳ್ಳಿ, ಸಾಕು” ಎನ್ನುವವರ ಮಾತಿಗೆ ತಲೆಯಾಡಿಸಿ ಬರಬೇಡಿ. ಈ ಹಣ ಯಾರ ದಯೆಯೂ ಅಲ್ಲ.

ಇಎಸ್‌ಐ ಇಲ್ಲದವರಿಗೆ ಪರಿಹಾರ ಕೊಡುವ ಹೊಣೆ ಉದ್ಯೋಗದಾತರದ್ದು. ಗುತ್ತಿಗೆದಾರ ಕೈಕೊಟ್ಟರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯನ್ನೂ ಕೇಳಬಹುದು. ರಾಜ್ಯದ ಕಾರ್ಮಿಕ ಕಚೇರಿಗೆ ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡ ಅಲ್ಪಸಂಖ್ಯಾತರಾದ ನಮಗೆ ಆ ಹಕ್ಕು ಕೊಟ್ಟಿದೆ. ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು ಕೇಳಿ ಪಡೆಯಿರಿ.